ಜಪಾನಿನವರ ಕೈ ಹಿಡಿದ ದೊರೆಗಳು

ಪೋರ್ಟ್ಸ್‌ಮತ್, ೧೩ ಫೆಬ್ರವರಿ ೧೯೦೨, ಗುರುವಾರ ರಾತ್ರಿ

ಸೊಸೆ ಹೆಸ್ಟರ್, ಮತ್ತೆ ನನ್ನ ದಿನಚರಿಗೆ ಕೈ ಹಾಕಿದೆಯಾ? ನಾಚಿಕೆಗೆಟ್ಟವಳೇ!

ನಮ್ಮ ದೊರೆಗಳು ಜಪಾನಿನವರ ಜೊತೆ ಒಪ್ಪಂದ ಮಾಡಿಕೊಂಡರಂತೆ. “ಯಾರ ಹಂಗೂ ಬೇಡ ಅಂತಿದ್ದೋರಿಗೆ ಏನಾಯ್ತೋ?” ಎಂದು ಹಡಗುಕಟ್ಟೆಯ ಬಡಗಿ ಟಪ್ಪರ್‌ನನ್ನು ಕೇಳಿದೆ.

“ರಷ್ಯಾ, ಫ್ರಾನ್ಸು ಒಂದಾಗ್ಬಿಟ್ಟವೆ ಕಣಮ್ಮಾ. ಎಲ್ಲಾ ಸಮುದ್ರಕ್ಕೂ ನಮ್ಮ ಹಡಗೇ ಸಾಲ್ತಿಲ್ಲ.”

“ಒದ್ದೆ ಕಂಬಳಿ ಹಿಂಡೋಕೆ ಆ ಕಡೆ ಇನ್ನೊಬ್ರು ಬೇಕು ಅಂತ ಬಟ್ಟೆ ಒಗೆಯೋಳಿಗೂ ಗೊತ್ತು. ಇವ್ರಿಗೆ ಇಷ್ಟು ವರ್ಷ ಬೇಕಾಯ್ತಾ?”

ಅಲ್ಲಿ ಜಪಾನಿನವರ ಕಾವಲಿರುವುದರಿಂದ ಚೀನಾ ಕಡಲಿನ ನಮ್ಮ ಕೆಲವು ಹಡಗುಗಳು ಇನ್ನು ಊರಿಗೆ ಬರಬಹುದಂತೆ. ನನ್ನ ಮಗ, ನಿನ್ನ ಗಂಡ ವಿಲ್ಫ್ರೆಡ್ ಇರುವುದೂ ಅಲ್ಲೇ. ಎದೆಯ ಭಾರ ಇಳಿಯಿತು.

ದೊರೆಗಳೇ ಬಿಂಕ ಬಿಟ್ಟರು, ನಿನ್ನದೇನೇ ಹೆಚ್ಚು? ಮಾರ್ಚ್ ಹುಟ್ಟುವುದರೊಳಗೆ, ಮುನಿಸಿನಿಂದ ಬದಿಗಿಟ್ಟಿರುವ ಗಂಡನ ಕಾಗದಕ್ಕೆ ಉತ್ತರ ಬರೆ.