ಟವೆಲ್ಲಿನೊಳಗಿನ ಕೈ

12-9-94, ಸೋಮವಾರ

ಅಪ್ಪನಿಗೆ ಗಂಜಿ ಎಂಟು ಚಮಚ. ಅರ್ಧ ಒಳಗೆ, ಅರ್ಧ ಕುತ್ತಿಗೆಗೆ. ಲುಂಗಿ ಬದಲಿಸಿ, ಬೆನ್ನಿಗೆ ಪೌಡರ್ ಹಾಕಿ ಹೊರಳಿಸಿದ್ದಾಯಿತು. ಲಿಂಗಸುಗೂರಿನ ಶಾಲೆಗೆ ಇನ್ನೂ ಹದಿನೈದು ದಿನ ರಜೆ ಕೇಳಿ ಬರೆದೆ. ಹೆಡ್‌ಮಾಸ್ತರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಲಕ್ವಾ ಹೊಡೆದು ಇಪ್ಪತ್ತೊಂದು ದಿನ. ಅಪ್ಪನ ಬಲಗಡೆ ಹೋಯಿತು, ಮಾತು ಹೋಯಿತು. ಎಡಗೈ ಮಾತ್ರ ಸುಮ್ಮನಿರುವುದಿಲ್ಲ. ಹತ್ತಿರ ಬಂದವರ ಬೆರಳು ಹಿಡಿದು ಹಿಂಡುತ್ತದೆ. ನಿನ್ನೆ ಅವ್ವನ ಬಳೆ ಒಡೆದು ರಕ್ತ ಬಂತು. ಕಾಂಪೌಂಡರ್ ನೋಡಿ, "ಫಿಟ್ಸ್ ಇರಬೇಕ್ರಿ ಟೀಚರ್, ಕಟ್ಟಿಬಿಡ್ರಿ" ಅಂದ. ಅಪ್ಪನದೇ ಟವೆಲ್ಲಿನಿಂದ ಮಂಚಕ್ಕೆ ಕಟ್ಟಿದೆ. ನಾನೇ. ಕಟ್ಟುವಾಗ ನನ್ನ ಮುಖವನ್ನೇ ನೋಡುತ್ತಿದ್ದ.

14-9-94

ಬಂದವರೆಲ್ಲ "ಎಂಥಾ ಮನಷ್ಯಾ ಇದ್ದ ಗಾಳೆಪ್ಪ" ಅನ್ನುತ್ತಾರೆ. ಇದ್ದನಂತೆ! ಇಲ್ಲೇ ಮಲಗಿದ್ದಾನಲ್ಲ, ಕಿವಿ ಕೇಳಿಸುತ್ತದೆ. ಸಿಟ್ಟು ನೆತ್ತಿಗೇರಿತು. ಹಾಲು ಒಡೆದಿದೆ, ಚಹಾ ಇಲ್ಲ ಅಂತ ಸುಳ್ಳು ಹೇಳಿ ಕಳಿಸಿಬಿಟ್ಟೆ.

ಅವರಿಗೇನು ಗೊತ್ತು. ಹದಿನಾಲ್ಕನೇ ವಯಸ್ಸಿಗೆ ತುರ್ವಿಹಾಳದಿಂದ ಬರಿಗಾಲಲ್ಲಿ ದನ ಹೊಡೆದುಕೊಂಡು ಮಸ್ಕಿ ಸಂತೆಗೆ ಹೋದವನು. ಅರವತ್ತು ವರ್ಷ ದನದ ದಲಾಲಿ — ಸಿಂಧನೂರು, ಮಸ್ಕಿ, ಲಿಂಗಸುಗೂರು. ಆಮೇಲೆ ಜೊತೆಗೆ ಹಿಂಡಿ, ಹತ್ತಿಕಾಳಿನ ಅಂಗಡಿ. ಯಾವ ಸಂತೆಯಾದರೂ ಊಟ ಮನೆಯಲ್ಲೇ. ಬಸ್ ತಪ್ಪಿದರೆ ಲಾರಿ ಹತ್ತಿ, ಲಾರಿ ಸಿಗದಿದ್ದರೆ ನಡೆದು. ನಮ್ಮ ತಲೆ ಮುಟ್ಟದೆ ತಾಟಿಗೆ ಕೈ ಹಾಕುತ್ತಿರಲಿಲ್ಲ. ವೆಂಕೋಬ ಅಣ್ಣ, ನಾನು, ಅಯ್ಯಮ್ಮ, ಆದಪ್ಪ. ಹುಟ್ಟಿದ ಕ್ರಮದಲ್ಲೇ.

ಆದಪ್ಪ ಅಂತ ಬರೆಯುವಾಗಲೂ ಬಾಗಿಲ ಕಡೆ ನೋಡಿದೆ. ಎಂಟು ವರ್ಷದಿಂದ ಈ ಮನೆಯಲ್ಲಿ ಆ ಹೆಸರು ಎತ್ತುವಂತಿಲ್ಲ.

19-9-94, ಸೋಮವಾರ

ಮಸ್ಕಿಯಿಂದ ಇಸ್ಮಾಯಿಲ್‌ಸಾಬ್ ಬಂದರು. ಅವರೂ ದನದ ದಲಾಲಿ, ಅಪ್ಪನ ನಲವತ್ತು ವರ್ಷದ ಸ್ನೇಹಿತ. ಕಟ್ಟಿದ ಕೈ ನೋಡಿ ಅಲ್ಲೇ ನಿಂತುಬಿಟ್ಟರು.

"ಯಾರು ಕಟ್ಟಿದ್ದು?"

"ನಾನ ರೀ ಚಾಚಾ. ಫಿಟ್ಸ್ ಅಂದ್ರು..."

"ಫಿಟ್ಸ್ ಅಲ್ಲ ಬೇಟಿ. ಅವ ಮಾತಾಡಾಕತ್ತಾನ. ಬಾಯಿ ಕಟ್ಟಿ ಕುಂತೀಯಲ್ಲ ನೀ."

ಗಂಟು ಬಿಚ್ಚಿದರು. ಅದೇ ಟವೆಲ್ ಅಪ್ಪನ ಕೈ ಮೇಲೆ ಹಾಸಿ, ಒಳಗೆ ತಮ್ಮ ಕೈ ಇಟ್ಟರು. ಆಗ ಹೊಳೆಯಿತು ನನಗೆ. ಸಂತೆಯಲ್ಲಿ ಎತ್ತಿನ ರೇಟು ಬಾಯಲ್ಲಿ ಹೇಳುವುದಿಲ್ಲ, ಸುತ್ತ ನಿಂತವರಿಗೆ ಗೊತ್ತಾಗಬಾರದು. ಟವೆಲ್ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತಾರೆ. ಬೇಡವಾದರೆ ಕೈ ಕೊಡವುತ್ತಾರೆ. ಒಪ್ಪಿದರೆ ಅಂಗೈಗೆ ಅಂಗೈ ಒತ್ತುತ್ತಾರೆ — ವ್ಯಾಪಾರ ಮುಗಿಯಿತು. ದಲಾಲಿಯ ಮಗಳು ನಾನು, ಮಕ್ಕಳಿಗೆ ಪಾಠ ಹೇಳುವವಳು. ಏಳು ದಿನ ಕಟ್ಟಿಟ್ಟಿದ್ದೆ.

"ನಾಕು ಬೆರಳು ಹಿಡದಾನ" ಅಂದರು. "ಮತ್ತ ನಾಕು."

"ಏನು ನಾಕು, ಚಾಚಾ?"

"ಟವೆಲ್ಲಿನ್ಯಾಗ ಬರೇ ಲೆಕ್ಕ ಇರ್ತೈತಿ ಬೇಟಿ. ಮಾಲು ಕಣ್ಣೆದುರಿಗೆ ನಿಂತಿರ್ತೈತಿ. ಇಲ್ಲಿ ಮಾಲು ಯಾವ್ದು, ನೀವ ಹುಡುಕ್ರಿ."

20-9-94

ಹುಡುಕಿದೆವು. ಹಿಂಡಿ ತಂದು ತೋರಿಸಿದೆವು — ಅಪ್ಪ ಕೈ ಕೊಡವಿದ. ಎತ್ತಿನ ಹಗ್ಗ, ಅಂಗಡಿಯ ಕೀಲಿ, ಔಷಧಿ ಬಾಟ್ಲಿ, ಅವ್ವನ ತಾಳಿ ಕೂಡ. ಕೊಡವಿದ. "ನಾಕು ಗಂಟೆಗೆ ಚಾ ಬೇಕೇನೋ" ಅಂತ ಅಣ್ಣ ಗಡಿಯಾರ ನೋಡಿ ಚಹಾ ಕುಡಿಸಲು ಹೋದ. ಅಪ್ಪ ಉಗುಳಿದ. ಮತ್ತೆ ನಾಲ್ಕು. ಮತ್ತೆ ನಾಲ್ಕು. ನನ್ನ ಬೆರಳು ಬಾತಿವೆ. ದೇವರೇ, ಒಂದು ಮಾತು ಕೊಡು ಇವನಿಗೆ. ಒಂದೇ ಒಂದು.

22-9-94, ಸಂಜೆ

ಮುಕ್ಕುಂದದಿಂದ ತಂಗಿ ಅಯ್ಯಮ್ಮ ಬಂದಳು. ಮೂವರೂ ಮಂಚದ ಪಕ್ಕ ನಿಂತಿದ್ದೆವು. ಅಪ್ಪ ಎಡಗೈ ಎತ್ತಿದ. ಅಣ್ಣ ಬಗ್ಗಿದ, ಅಪ್ಪ ಅವನ ತಲೆ ಮುಟ್ಟಿದ. ಆಮೇಲೆ ನನ್ನ ತಲೆ. ಅಯ್ಯಮ್ಮನ ತಲೆ. ಆಮೇಲೆ ಕೈ ಗಾಳಿಯಲ್ಲೇ ತಡಕಾಡಿತು... ನನ್ನ ಕೈ ಸಿಕ್ಕಿತು. ನಾಲ್ಕು ಬೆರಳು ಹಿಡಿದ.

ಅವ್ವ ಚೀರಿದಳು. "ಮಾಲು ನೀವ ಅದೀರಿ! ನಾಕನೇದು ಎಲ್ಲಿ ಅಂತ ಕೇಳಾಕತ್ತಾರ!"

ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ ಹುಡುಗಿ ಶೆಫಾಲಿಯನ್ನು ಆದಪ್ಪ ಮದುವೆಯಾದದ್ದು ಎಂಬತ್ತಾರರಲ್ಲಿ. ಆ ವಾರದ ಸಂತೆಯಲ್ಲಿ ನಿಂತು ಅಪ್ಪ ಕೂಗಿ ಹೇಳಿದ್ದ: "ಇವತ್ತಿಂದ ಗಾಳೆಪ್ಪಗ ಮೂರೇ ಮಕ್ಳು." ಎತ್ತಿನ ರೇಟನ್ನೂ ಮುಚ್ಚಿಡುವ ಮನುಷ್ಯ ಇದೊಂದನ್ನು ಬಾಯಿಬಿಟ್ಟು ಹೇಳಿದ. ಅವತ್ತಿನಿಂದ ನಮ್ಮ ತಲೆ ಮುಟ್ಟುವುದನ್ನೂ ಬಿಟ್ಟ. ನಾವು ಯಾಕೆ ಅಂತ ಕೇಳಲೇ ಇಲ್ಲ.

23-9-94

ಮೊದಲ ಬಸ್ಸಿಗೆ ಕ್ಯಾಂಪಿಗೆ ಹೋದೆ. ಆದಪ್ಪ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ. ಎಲ್ಲ ಹೇಳಿದೆ. ಬೆನ್ನು ನೆಟ್ಟಗೆ ಮಾಡಲಿಲ್ಲ.

"ಸಂತಿ ಮಂದಿ ಎದುರಿಗೆ ಮೂರೇ ಅಂದಾನ. ಬಾಯಿಲೆ ಅಂದದ್ದು ಬಾಯಿಲೇ ವಾಪಸ್ ತಗೊಳ್ಳಲಿ, ಬರ್ತೀನಿ."

"ಬಾಯಿ ಹೋಗೈತೋ ಆದಪ್ಪ. ಕೈ ಅಷ್ಟ ಉಳದೈತಿ."

"ಹಂಗಾದ್ರ ಮುಗೀತು ಬಿಡಕ್ಕ."

ಕೆಸರಿಗಿಳಿದು ಕಾಲು ಹಿಡಿಯಲು ಹೋದೆ. ಸ್ವಂತ ತಮ್ಮನ ಕಾಲು. ಶೆಫಾಲಿ ಓಡಿಬಂದು ಎಬ್ಬಿಸಿದಳು. "ಏಳ್ರಿ ಅಕ್ಕಾ. ನಾ ಹೇಳ್ತೀನಿ ಅವರಿಗೆ." ಎಂಟು ವರ್ಷದಲ್ಲಿ ಅವಳ ಜೊತೆ ಇದೇ ಮೊದಲ ಮಾತು.

27-9-94

ಬರಲಿಲ್ಲ. ಗಂಜಿ ಎರಡು ಚಮಚ. ಡಾಕ್ಟರ್ ಹೊರಗೆ ಕರೆದು ಹೇಳಿದರು. ಹಿಡಿತ ಸಡಿಲ. ನಾಲ್ಕು ಹಿಡಿಯಲು ಹೋಗಿ ಎರಡು ಸಿಗುತ್ತದೆ. ಬಿಟ್ಟು ಮತ್ತೆ ಮೊದಲಿನಿಂದ ಹಿಡಿಯುತ್ತಾನೆ. ನೋಡಲಾಗುತ್ತಿಲ್ಲ.

29-9-94, ಮಧ್ಯಾಹ್ನ

ಬಂದ! ಬಾಗಿಲಲ್ಲೇ ನಿಂತ. ಶೆಫಾಲಿ ಹಿಂದಿನಿಂದ ದೂಡಿದಳು. ಟವೆಲ್ ಹಾಸಿದೆ. "ಕೈ ಇಡೋ" ಅಂದೆ. ಇಟ್ಟ. ಅಪ್ಪನ ಕೈ ಟವೆಲ್ಲಿನೊಳಗೆ ನಿಧಾನ ಅಲುಗಾಡಿತು, ನಿಂತಿತು.

"ಅಕ್ಕಾ... ಬೆರಳು ಹಿಡಿವಲ್ಲ. ಅಂಗೈ ಒತ್ತಾಕತ್ತಾನ. ಹಂಗಂದ್ರ ಏನು?"

ಅವ್ವನೇ ಹೇಳಿದಳು. "ಒಪ್ಯಾರಪ್ಪ."

ಆದಪ್ಪ ಅಪ್ಪನ ಎದೆ ಮೇಲೆ ತಲೆ ಇಟ್ಟು ಸಣ್ಣ ಹುಡುಗನ ಹಾಗೆ ಅತ್ತ. ನಾವೆಲ್ಲ ಅತ್ತೆವು.

30-9-94, ಬೆಳಿಗ್ಗೆ 9

ಗಂಜಿ ಇಳಿಯಲಿಲ್ಲ. ಕಣ್ಣು ತೆರೆದಿಲ್ಲ. ಉಸಿರು ಇದೆ, ತಡೆತಡೆದು. ಆದಪ್ಪ ಡಾಕ್ಟರನ್ನು ಕರೆತರಲು ಹೋಗಿದ್ದಾನೆ.

ನಿನ್ನೆಯಿಂದ ಅಪ್ಪ ಯಾರ ಕೈಯನ್ನೂ ಹಿಡಿದಿಲ್ಲ. ವ್ಯಾಪಾರ ಮುಗಿದರೆ ಅಪ್ಪ ಹಾಗೆಯೇ — ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದ, ತಿರುಗಿ ನೋಡುತ್ತಿರಲಿಲ್ಲ. ಆದಪ್ಪನನ್ನು ನಾನೇ ಹೋಗಿ ಕರೆದೆನಲ್ಲ. ತಡ ಮಾಡಿದ್ದರೆ ಅಪ್ಪ ಇನ್ನೂ ಬೆರಳು ಹಿಡಿಯುತ್ತಲೇ ಇರುತ್ತಿದ್ದನೇನೋ...

ಬಲಗೈಯಲ್ಲಿ ಬರೆಯುತ್ತಿದ್ದೇನೆ. ಎಡಗೈ ಟವೆಲ್ಲಿನೊಳಗೆ, ಅವನ ಕೈಯಲ್ಲಿ. ಕಟ್ಟಿದವಳು ನಾನು, ಅಪ್ಪ. ಸಿಟ್ಟಿದ್ದರೆ ಕೊಡವು. ಇಲ್ಲದಿದ್ದರೆ ಒಂದು ಬೆರಳು ಹಿಡಿ. ನಾಲ್ಕು ಬೇಡ. ಒಂದೇ ಸಾಕು. ಹಿಡಿ ಅಪ್ಪ, ಒಂದೇ —