ನಿನಗಿಂತ ಮೊದಲು ನಾನು ಉಟ್ಟ ಸೀರೆ

ಶಾಂತಕ್ಕಾ,

ಮದುವೆಯಾಗಿ ಈ ಮನೆಗೆ ಕಾಲಿಟ್ಟ ದಿನ ಅತ್ತೆ ನನ್ನನ್ನು ನೇರವಾಗಿ ನಿನ್ನ ಫೋಟೋದ ಮುಂದೆ ನಿಲ್ಲಿಸಿದರು. "ಅಕ್ಕಗ ನಮಸ್ಕಾರ ಮಾಡು" ಎಂದರು. ಮಾಡಿದೆ. ಅಂದಿನಿಂದ ನೀನು ಅಕ್ಕ. ಆಗ ಅದು ಸರಿಯೇ ಇತ್ತು. ನನಗೆ ಇಪ್ಪತ್ತೆರಡು, ನೀನು ತೀರಿಕೊಂಡಾಗ ನಿನಗೆ ಇಪ್ಪತ್ತಾರು. ಈಗ ನನಗೆ ಮೂವತ್ತೆಂಟು, ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕು. ನೀನು ಮಾತ್ರ ಅದೇ ಗೋಡೆಯ ಮೇಲೆ, ಅದೇ ಇಪ್ಪತ್ತಾರರಲ್ಲಿ, ಅಬ್ಬಲಿಗೆ ಮುಡಿದುಕೊಂಡು... ನ್ಯಾಯವಾಗಿ ನೋಡಿದರೆ ಈಗ ನೀನೇ ನನ್ನನ್ನು ಅಕ್ಕ ಅನ್ನಬೇಕು. ಇರಲಿ, ಜಗಳ ತೆಗೆಯಲು ಬರೆಯುತ್ತಿಲ್ಲ. ನಿನ್ನ ಮಗಳು ರೇಣುಕಾಳ ಮದುವೆಯಾಯಿತು, ಮುಧೋಳಕ್ಕೆ ಕೊಟ್ಟೆವು. ಅದನ್ನು ತಿಳಿಸಬೇಕಿತ್ತು. ಜೊತೆಗೆ ಇನ್ನೊಂದು ಮಾತಿದೆ. ಅದನ್ನು ಈ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಮೊದಲ ವಾರವೇ ನನ್ನ ಹಣೆ ಬಾತುಕೊಂಡಿತ್ತು. ನಾನು ಬಂದದ್ದು ನೀನು ಬಾಳಿದ ಮನೆಗಲ್ಲ, ಬನಹಟ್ಟಿಗೆ. ಆಲಮಟ್ಟಿಯ ಹಿನ್ನೀರು ಬರುತ್ತದೆಂದು ಅನಗವಾಡಿ ಕಡೆಯ ನಿಮ್ಮ ಊರು ಖಾಲಿಯಾದಾಗ, ನಮ್ಮವರು ಇಲ್ಲಿಗೆ ಬಂದು ಎರಡು ಪವರ್‌ಲೂಮ್ ಹಾಕಿದ್ದರು. ಬರುವಾಗ ಹಳೆಯ ಮನೆಯ ಬಾಗಿಲ ಚೌಕಟ್ಟನ್ನು ಕಿತ್ತು ಟ್ರ್ಯಾಕ್ಟರಿನಲ್ಲಿ ತಂದು ಇಲ್ಲಿ ನಿಲ್ಲಿಸಿದ್ದರು. ಅದು ನಿನ್ನ ಎತ್ತರದ ಚೌಕಟ್ಟು. ನೀನು ಗಿಡ್ಡಿ, ತಲೆಯ ಮೇಲೆ ಕೊಡ ಹೊತ್ತು ಸರಾಗವಾಗಿ ಹೋಗಿಬರುತ್ತಿದ್ದೆಯಂತೆ. ನಾನು ಹುನ್ನೂರಿನವಳು, ನಮ್ಮ ಮನೆತನದಲ್ಲೇ ಎಲ್ಲರೂ ಎತ್ತರ. ಹಣೆ ಬಡಿದುಕೊಂಡು ನಿಂತಾಗೆಲ್ಲ ಅತ್ತೆಯದು ಒಂದೇ ಮಾತು. "ಶಾಂತವ್ವಗ ಎಂದೂ ಬಡೀಲಿಲ್ಲವಾ." ಕಳೆದ ವರ್ಷ ತಗಡು ತೆಗೆಸಿ ಸ್ಲ್ಯಾಬ್ ಹಾಕಿಸಿದೆವು, ಅಡುಗೆಮನೆಗೆ ಕಡಪಾ ಕಲ್ಲು ಕೂಡಿಸಿದೆವು, ಮೇಲೊಂದು ಖೋಲಿ ಏರಿತು. ಆಗಲಾದರೂ ಚೌಕಟ್ಟು ಬದಲಿಸಿ ಅಂದೆ. ನಮ್ಮವರು ಅದರ ಮೇಲೆ ಕೈಯಾಡಿಸಿ ಹೊರಗೆ ಹೋದರು. ಕಟ್ಟಿಗೆಯ ಮೇಲೆ ಯಾರಿಗಾದರೂ ಹೊಟ್ಟೆಕಿಚ್ಚು ಬರುತ್ತದೆಯೇ? ನನಗೆ ಬಂತು.

ಮಗ್ಗ ಶುರುಮಾಡುವ ಮುಂಚೆ ಇವರು ಒಂದು ಕ್ಯಾಸೆಟ್ ಹಚ್ಚುತ್ತಿದ್ದರು. ನಿಮ್ಮೂರಿನ ಯಾವುದೋ ಮದುವೆಯಲ್ಲಿ ನೀನು ಸೋಬಾನ ಹಾಡಿದ್ದನ್ನು ಯಾರೋ ತುಂಬಿಕೊಂಡದ್ದು. ಎರಡು ಮಗ್ಗ ಒಮ್ಮೆಲೇ ಬಡಿಯತೊಡಗಿದರೆ ಪಕ್ಕದಲ್ಲಿ ನಿಂತು ಕೂಗಿದರೂ ಕೇಳುವುದಿಲ್ಲ. ಆದರೂ ಕ್ಯಾಸೆಟ್ ತಿರುಗುತ್ತಲೇ ಇರಬೇಕು. ಒಮ್ಮೆ ಅದನ್ನು ತೆಗೆದು ಜೋಳದ ಡಬ್ಬಿಯಲ್ಲಿ ಹೂತಿಟ್ಟೆ. ಮೂರು ದಿನ ಇವರು ಮನೆಯೆಲ್ಲ ಹುಡುಕಿದರು, ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೆ ನಾನೇ ಸೋತು ತಂದಿಟ್ಟೆ. ಆಮೇಲೆ ಬೇರೆ ಹಟ ಹಿಡಿದೆ. ಇವರು ನೂಲು ತರಲು ಹೋದಾಗ ಕ್ಯಾಸೆಟ್ ಹಚ್ಚಿ ಹಚ್ಚಿ ನಿನ್ನ ಹಾಡುಗಳನ್ನೆಲ್ಲ ಕಲಿತೆ, ನೀನು ಉಸಿರು ಬಿಡುವ ಜಾಗದ ಸಮೇತ. ಈಗ ನಮ್ಮ ಓಣಿಯಲ್ಲಿ ಯಾರ ಮನೆಯ ಅರಿಶಿಣ ಇದ್ದರೂ ನನಗೇ ಕರೆ. ಜಮಖಂಡಿಯಲ್ಲಿ ಹೆಣ್ಣುಮಕ್ಕಳ ಹಾಡಿನ ಸ್ಪರ್ಧೆಗೂ ನಮ್ಮ ಮೇಳ ಹೋಗಿಬಂತು. ಅಲ್ಲಿ ನಿಮ್ಮೂರಿನ ಒಬ್ಬ ಮುದುಕಿ ಬಂದು ನನ್ನ ಗಲ್ಲ ಹಿಡಿದು, "ಥೇಟ ಶಾಂತವ್ವನ್ನ ಕೇಳಿದಂಗಾತು" ಎಂದಳು. ನನಗೆ ಬಂದ ಹೊಗಳಿಕೆಯನ್ನೂ ನೀನೇ ತೆಗೆದುಕೊಂಡೆ.

ಒಂದು ಬೇಸಿಗೆ ನೀರು ಹಿಂದೆ ಸರಿದಿದೆ ಎಂದು ಸುದ್ದಿ ಬಂತು. ಅತ್ತೆ, ಇವರು, ನಾನು, ರೇಣುಕಾ ಬಾಡಿಗೆಗೆ ಟಂಟಂ ಆಟೋ ಮಾಡಿಕೊಂಡು ಬೀಳಗಿ ಕಡೆ ಹೊರಟೆವು. ಮದುವೆಯಾದ ಮೇಲೆ ನನ್ನ ಮೊದಲ ಪ್ರವಾಸ ಅದು, ನಿನ್ನ ಸಮಾಧಿ ನೋಡುವುದು. ರೇಣುಕಾಳಿಗೆ ಏಳು ವರ್ಷ, ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ಮಲಗಿದ್ದಳು. ಕೆಸರು ಒಣಗಿ ಬಿರುಕು ಬಿಟ್ಟ ಬಯಲಿನಲ್ಲಿ ಅತ್ತೆ "ಇಲ್ಲೇ" ಎಂದರು. ಇವರು "ಅಲ್ಲ, ಬೇವಿನಗಿಡದ ಬುಡ ಅಲ್ಲಿತ್ತು" ಎಂದರು. ದನ ಕಾಯುವವನೊಬ್ಬ ಬಂದು ಇನ್ನೊಂದು ಜಾಗ ತೋರಿಸಿದ. ಕೊನೆಗೆ ಮೂರು ಕಡೆ ಕುಂಕುಮ ಹಾಕಿ, ಮೂರು ಕಡೆ ಕಾಯಿ ಒಡೆದೆವು. ಒಬ್ಬಳಿಗೆ ಮೂರು ಪೂಜೆ. ತಿರುಗಿ ಬರುವಾಗ ರೇಣುಕಾ ನನ್ನನ್ನು ಕೇಳಿದಳು, "ಚಿಗವ್ವಾ, ನಮ್ಮವ್ವ ಮೂರು ಮಂದಿ ಇದ್ದಳೇನು?" ಒಬ್ಬಳಿಗೇ ನಾನು ಸಾಕಾಗಿದ್ದೇನೆ ಎನ್ನಬೇಕು ಅನಿಸಿತು. ಅವಳ ತಲೆಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡೆ. ಆ ಮಗುವಿನ ತಲೆ ಬಾಚಿ, ಸಾಲಿಗೆ ಕಳಿಸಿ, ಜ್ವರ ಬಂದಾಗ ಎದ್ದು ಕೂತವಳು ನಾನು. ಆ ಲೆಕ್ಕದಲ್ಲಿ ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟು ಬೇರೆ, ಅದು ಸೀರೆಯದು.

ನನ್ನ ಮೊದಲ ಮಾನವಮಿ ಹಬ್ಬಕ್ಕೆ ಇವರು ಹೊಸ ಸೀರೆ ತಂದಾಗ ನನ್ನ ಕೈ ಮುಂದೆ ಹೋಗಿತ್ತು. ಅತ್ತೆ ತಡೆದರು. "ತಡಿ. ಮೊದಲ ಅಕಿ ಉಡಬೇಕು." ಮುತ್ತೈದೆಯಾಗಿ ಸತ್ತವಳಲ್ಲವೇ ನೀನು. ತಾಮ್ರದ ಕೊಡಕ್ಕೆ ಅರಿಶಿಣ ಕುಂಕುಮ ಹಚ್ಚಿ, ಸೀರೆಯ ಘಡಿ ಮುರಿದು, ಅಂದರೆ ಹೊಸ ಮಡಿಕೆ ಬಿಚ್ಚಿ, ನಿರಿಗೆ ಹಿಡಿದು ಕೊಡಕ್ಕೆ ಉಡಿಸಿದರು. ಸಂಜೆ ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಅಂದಿನಿಂದ ಹದಿನಾರು ವರ್ಷ, ಹಬ್ಬದ್ದಿರಲಿ, ಯಾರೋ ಮದುವೆ ಮುಂಜಿಯಲ್ಲಿ ಆಹೇರಿ ಎಂದು ಉಡುಗೊರೆ ಕೊಟ್ಟದ್ದಿರಲಿ, ಈ ಮನೆಗೆ ಬಂದ ಪ್ರತಿ ಹೊಸ ಸೀರೆಯ ಘಡಿ ಮುರಿದವಳು ನೀನು. ನನಗೆ ಸಿಕ್ಕದ್ದೆಲ್ಲ ನೀನು ಉಟ್ಟು ಬಿಟ್ಟದ್ದು. ಮೇಲಾಗಿ ಇವರ ಮಗ್ಗದಲ್ಲಿ ಬರುವುದು ಒಂದೇ ಅಗಲದ ಸೀರೆ. ಗಿಡ್ಡಿಯರಿಗೆ ಪಾದ ಮುಟ್ಟುತ್ತದೆ, ನನಗೆ ಹಿಮ್ಮಡಿಯ ಮೇಲೆ ನಾಲ್ಕು ಬೆರಳು ನಿಲ್ಲುತ್ತದೆ. "ಏನ ಗದ್ದಿ ನಾಟಿ ಮಾಡಾಕ ಹೊಂಟಂಗ ಉಡ್ತೀಯವಾ" ಎಂದು ಅತ್ತೆ ಬೈದಾಗೆಲ್ಲ ನಾನು ಗೋಡೆಯ ಕಡೆ ನೋಡುತ್ತಿದ್ದೆ. ನೀನು ನಗುತ್ತಲೇ ಇರುತ್ತಿದ್ದೆ.

ರೇಣುಕಾಳ ಮದುವೆ ಗೊತ್ತಾದ ಮೇಲೆ ಇವರು ದಿನಾ ಮಧ್ಯಾಹ್ನ ಸೈಕಲ್ ಹತ್ತಿ ರಬಕವಿಗೆ ಹೋಗತೊಡಗಿದರು. ಅಲ್ಲಿ ಗೆಳೆಯನ ಮನೆಯಲ್ಲಿ ಹಳೆಯ ಕೈಮಗ್ಗ ಇದೆ. ಪವರ್‌ಲೂಮ್ ಇಟ್ಟುಕೊಂಡವರು ಕೈಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತರೆ ನಾಲ್ಕು ಮಂದಿ ನಗುವುದಿಲ್ಲವೇ? ಯಾರಿಗೆ ನೇಯುತ್ತೀರಿ ಎಂದು ಕೇಳಿದೆ. "ಮದ್ವಿ ಮನಿಗೆ" ಎಂದಷ್ಟೇ ಅಂದರು. ಅತ್ತೆಯ ಮುಖ ಅರಳಿತು. "ಶಾಂತವ್ವಗ ಕೈಮಗ್ಗದ ಸೀರಿ ಅಂದ್ರ ಜೀವ" ಎಂದರು. ನನಗೆ ಬೇಡವೆಂದರೂ ಆಸೆ ಬಂದಿತ್ತು, ಅಕ್ಕಾ. ಅದು ಆ ಮಾತಿಗೆ ಅಲ್ಲೇ ಸತ್ತಿತು.

ಮದುವೆಗೆ ಎರಡು ದಿನ ಇರುವಾಗ ಇವರು ಒಂದು ಕೈಚೀಲ ತಂದು ನನ್ನ ಮುಂದಿಟ್ಟರು. "ಮೊದಲ ಅಕಿಗೆ ಇಡು" ಎಂದು ಹೇಳಿ ಹಂದರದವರು ಕರೆದರೆಂದು ಹೊರಟೇ ಹೋದರು. ಚೀಲದ ಮೇಲುಗಡೆ ಅದು ಇತ್ತು. ಗಿಣಿಹಸಿರು ಒಡಲು, ದಾಳಿಂಬೆ ಬಣ್ಣದ ಸೆರಗು. ಕೆಳಗೆ ಪೇಪರಿನಲ್ಲಿ ಸುತ್ತಿದ್ದೇನೋ ಇತ್ತು, ಬೀಗರಿಗೆ ಕೊಡುವ ಕುಪ್ಪಸದ ಖಣ ಇರಬೇಕೆಂದು ಬಿಚ್ಚಲಿಲ್ಲ. ಅತ್ತೆ ಅಂಗಳದಲ್ಲಿ ಹಪ್ಪಳ ಕಾಯುತ್ತಿದ್ದರು, ರೇಣುಕಾ ಬಳೆ ಇಡಿಸಿಕೊಳ್ಳಲು ಹೋಗಿದ್ದಳು. ನಾನು ಮೇಲಿನ ಖೋಲಿಗೆ ಹೋಗಿ ಅಗಳಿ ಹಾಕಿದೆ. ಸಿಟ್ಟಿನಲ್ಲಿ ಕೈ ಗಟ್ಟಿಯಾಗಿಯೇ ಇತ್ತು. ಘಡಿ ಮುರಿದೆ. ಹೊಸ ನೂಲಿನ ಗಂಜಿಯ ವಾಸನೆ ಅಷ್ಟು ಹತ್ತಿರದಿಂದ ನನಗೆ ಗೊತ್ತೇ ಇರಲಿಲ್ಲ. ಉಟ್ಟೆ. ನಿರಿಗೆ ಹಿಡಿದು ಸಿಕ್ಕಿಸಿ ಕೆಳಗೆ ನೋಡಿದರೆ ಅಂಚು ನನ್ನ ಪಾದದ ಮೇಲೆ ಬಂದು ಕೂತಿತ್ತು. ಆಗಲಾದರೂ ಯಾಕೆ ಎಂದು ಕೇಳಿಕೊಳ್ಳಬಾರದಿತ್ತೇ ನಾನು? ಕೇಳಿಕೊಳ್ಳಲಿಲ್ಲ. ಕಪಾಟಿನ ಕನ್ನಡಿಯಲ್ಲಿ ಹಿಂದೆ ಮುಂದೆ ತಿರುಗಿ ನೋಡಿಕೊಂಡೆ, "ಈಗ ಉಡು ಬಾ, ನಾ ಬಿಟ್ಟದ್ದನ್ನ" ಎಂದು ನಿನಗೆ ಬಾಯಿಬಿಟ್ಟೇ ಅಂದೆ. ಆಮೇಲೆ ಮಡಚಿ, ಘಡಿ ಮತ್ತೆ ಕೂರಲೆಂದು ಹಾಸಿಗೆಯ ಕೆಳಗೆ ಒತ್ತಿಟ್ಟೆ.

ಮರುದಿನ ಮುಂಜಾನೆ ಹಿರಿಯರ ಪೂಜೆ. ಅತ್ತೆ ಕೊಡಕ್ಕೆ ಉಡಿಸಲು ನಾನು ತಂದಿಟ್ಟ ಸೀರೆ ಕೈಗೆತ್ತಿಕೊಂಡು ತುಸು ತಡೆದರು. "ಘಡಿ ಮುರದಂಗ ಐತೆಲ್ಲಾ?"

"ನೇಯ್ದಲ್ಲೆ ಬಿಚ್ಚಿ ನೋಡಿರ್ತಾರ್ರಿ ಅತ್ತಿ" ಎಂದೆ. ಸುಳ್ಳು ಅಷ್ಟು ಸಲೀಸಾಗಿ ಬಂತು.

ಉಡಿಸಿದರು. ಅಂಚು ಮಣೆ ದಾಟಿ ನೆಲದ ಮೇಲೆ ಹರಡಿತು. ಎಡೆ ಇಟ್ಟು ಕೈಮುಗಿಯುವ ಹೊತ್ತಿಗೆ ಇವರು ಒಳಗೆ ಬಂದರು. ಕೊಡವನ್ನು ನೋಡಿದರು, ನನ್ನನ್ನು ನೋಡಿದರು.

"ಇದನ್ಯಾಕ ಇಟ್ಟಿ?"

"ನೀವ ಅಂದ್ರೆಲ್ರೀ, ಮೊದಲ ಅಕಿಗೆ ಇಡು ಅಂತ."

"ಅಕಿಂದು ಚೀಲದಾಗ ಕೆಳಗ ಐತಿ, ಪೇಪರದಾಗ. ನಮ್ಮ ಮಗ್ಗದ್ದು. ಇದು ನಿಂದು."

ಅತ್ತೆಯೇ ಮೊದಲು ಬಾಯಿ ತೆರೆದರು. "ಶಾಂತವ್ವಗ ಅಂತ ಕೈಲೆ ನೇಯ್ದಿ ಅಂದ್ಕೊಂಡಿದ್ನೆಲ್ಲೋ."

"ಅಕಿಗೆ ಇಷ್ಟಗಲ ಯಾಕಬೇ ಯವ್ವಾ?" ಇವರು ಅಂಚನ್ನು ಎತ್ತಿ ಹಿಡಿದು, ಬಟ್ಟೆ ವ್ಯಾಪಾರಿಗೆ ತೋರಿಸುವ ಹಾಗೆ ತೋರಿಸಿದರು. "ಇಕಿ ಹಿಮ್ಮಡ ಮುಚ್ಚಲಿ ಅಂತ ನಾಕ ಬೆರಳ ಹೆಚ್ಚಿಗೆ ಹಿಡದೇನಿ. ನಮ್ಮ ಮಗ್ಗ ಇಷ್ಟಗಲ ನೇಯೂದಿಲ್ಲ. ಅದಕ್ಕ ರಬಕವಿಗೆ ಹೋಗಾಕತ್ತಿದ್ದೆ."

ಅಷ್ಟು ಮಾತಾಡಿದ್ದಕ್ಕೆ ಅವರಿಗೇ ನಾಚಿಕೆಯಾದಂತೆ ಕಂಡಿತು. ಯಾರೂ ಕರೆಯದಿದ್ದರೂ "ಬಂದ್ನೋ" ಎಂದು ಹೊರಗೆ ಹೋದರು. ಅತ್ತೆ ಬಹಳ ಹೊತ್ತು ನನ್ನ ಕಾಲನ್ನೇ ನೋಡಿದರು, ಹದಿನಾರು ವರ್ಷದಲ್ಲಿ ಮೊದಲ ಸಲ ಬೈಯದೆ. "ಇಟ್ಟದ್ದ ಇಟ್ಟಾತು. ಹೆಂಗೂ ನಾಳೆ ನೀನ ಉಡಾಕಿ" ಎಂದರು. ನಾನು ಅಡುಗೆಮನೆಗೆ ಹೋಗಿ ಕಡಪಾ ಕಲ್ಲಿಗೆ ಹಣೆ ಹಚ್ಚಿ ಅತ್ತುಬಿಟ್ಟೆ. ನನ್ನದನ್ನೇ ನಾನು ಕದ್ದು ಉಟ್ಟಿದ್ದೆನಲ್ಲ ಶಾಂತಕ್ಕಾ. ಇಷ್ಟು ವರ್ಷದಲ್ಲಿ ನನ್ನ ಹೆಸರಿನಲ್ಲಿ ಹುಟ್ಟಿದ್ದು ಒಂದೇ ಸೀರೆ, ಅದನ್ನೂ ನನ್ನ ಕೈಯಾರೆ ಒಯ್ದು ನಿನಗೆ ಇಟ್ಟಿದ್ದೆ.

ಮದುವೆ ಛಲೋ ಆಯಿತು. ಆ ಸೀರೆ ಉಟ್ಟೇ ಧಾರೆ ಎರೆಯುವಾಗ ನಿಂತೆ. ನಿಮ್ಮೂರಿನ ಹೆಣ್ಣುಮಕ್ಕಳು ಬಂದಿದ್ದರು, ನನ್ನ ಜೊತೆ ಸೋಬಾನ ಹಾಡಿದರು. ಹುಡುಗ ಮೋಟರ್ ರಿಪೇರಿ ಮಾಡುತ್ತಾನೆ, ಮಾತು ಕಡಿಮೆ, ರೇಣುಕಾ ಇಬ್ಬರ ಪಾಲಿನದನ್ನೂ ಮಾತಾಡುತ್ತಾಳೆ. ಹೊರಡುವಾಗ ನನ್ನನ್ನು ಅಪ್ಪಿಕೊಂಡು ಬಿಡಲೇ ಇಲ್ಲ. ಬಿಟ್ಟ ಮೇಲೆ ನಿನ್ನ ಫೋಟೋದ ಒಂದು ಪ್ರತಿ ಕೇಳಿದಳು. ನನ್ನದು ಬೇಡವೇನೇ ಎಂದರೆ, "ನಿನ್ನ ಯಾಕ ಗ್ವಾಡಿಗೆ ಹಾಕಲಿ ಚಿಗವ್ವಾ? ನೀ ಬಂದ ಇರಾಕಿ" ಎಂದಳು. ಬರುವ ತಿಂಗಳು ಹೋಗಬೇಕು. ಅವಳಿಗೆ ಎರಡು ತಿಂಗಳು ಆಗಿದೆ. ನೀನು ಅಜ್ಜಿಯಾಗುತ್ತೀ, ಇಪ್ಪತ್ತಾರಕ್ಕೇ.

ತಪ್ಪಾಯಿತು ಎಂದು ಬರೆಯಲು ಕೂತಿದ್ದೆ, ಬರೆಯುತ್ತ ಬರೆಯುತ್ತ ಹಾಗೆ ಅನಿಸುತ್ತಿಲ್ಲ. ಒಂದು ಮಾತು ಕೊಡುತ್ತೇನೆ. ಈ ಮಾನವಮಿಗೆ ನಿನ್ನ ಅಳತೆಯ ಸೀರೆಯನ್ನೇ ಇಡುತ್ತೇನೆ, ಆ ಪೇಪರಿನಲ್ಲಿ ಸುತ್ತಿದ್ದು ಹಾಗೇ ಇದೆ, ಅದರ ಘಡಿ ನೀನೇ ಮುರಿ. ಆಮೇಲೆ ನಾನು ಉಡುತ್ತೇನೆ, ನನ್ನ ಹಿಮ್ಮಡಿ ಊರಿಗೆಲ್ಲ ಕಾಣಲಿ. ಆದರೆ ಹಸಿರು ಸೀರೆಯ ಕಡೆ ಇನ್ನು ನೋಡಬೇಡ. ಒಂದು ದಿನ ಮಾತ್ರ ನಾನು ಉಟ್ಟು ಬಿಟ್ಟದ್ದನ್ನು ನೀನು ಉಟ್ಟೆ. ಖರೆ ಹೇಳು ಅಕ್ಕಾ, ಕಾಲಿಗೆ ತೊಡರಿತಲ್ಲ?

ನಿನ್ನ
ಕಸ್ತೂರಿ