ದೋಣಿಗೆ ನೀರು ತುಂಬಿದ್ದು

ಪಂಚಾಯ್ತಿ ಅಧ್ಯಕ್ಷೆ ಇಂದ್ರಮ್ಮನವರಿಗೆ ತನುಜಾಳ ನಮಸ್ಕಾರ.

ದೋಣಿ ಸೋರುವುದಕ್ಕೆ ಅಂಬಿಗ ಏಕಾಂತಯ್ಯನವರೇ ಕಾರಣವೆಂದು ನೀವು ಅವರನ್ನು ಕೆಲಸದಿಂದ ಬಿಡಿಸಿದ್ದು ಅನ್ಯಾಯ. ದುಡಿಯುವವನ ಮಾತು ಕೇಳದೆ ತೀರ್ಪು ಕೊಡುವ ಹಕ್ಕು ಯಾರಿಗೂ ಇಲ್ಲ.

ನೀರು ಎಲ್ಲಿಂದ ಒಳಗೆ ಬರುತ್ತದೆಂದು ಎಲ್ಲರೂ ದೋಣಿಯೊಳಗೆ ಕೂತು ಹುಡುಕಿದರು. ತಳಕ್ಕೆಲ್ಲ ಡಾಂಬರು ಬಳಿದರು; ಆದರೂ ಸೋರುವುದು ನಿಲ್ಲಲಿಲ್ಲ. ನೀರು ಎಲ್ಲಿಂದ ಹೊರಗೆ ಹೋಗುತ್ತದೆ ನೋಡೋಣವೆಂದು ನಾನು ದೋಣಿಯನ್ನು ದಡದ ಕಲ್ಲುಗಳ ಮೇಲೆ ಕೂರಿಸಿ, ಒಳಗೆ ಹೇಮಾವತಿಯ ಹಿನ್ನೀರನ್ನೇ ತುಂಬಿಸಿದೆ.

“ನೀರು ಚೆಲ್ಲಿ ಚೆಲ್ಲಿ ನನ್ನ ರಟ್ಟೆ ಬಿದ್ದೋಗೈತೆ, ನೀನು ತುಂಬ್ತಾ ಇದೀಯಲ್ಲವ್ವ,” ಎಂದು ಏಕಾಂತಯ್ಯ ನಕ್ಕರು.

ತಳ ಒಂದು ಹನಿಯನ್ನೂ ಬಿಡಲಿಲ್ಲ. ನೀರು ಇಳಿದದ್ದು ಪಕ್ಕದ ಹಲಗೆಯಲ್ಲಿ, ನಿಮ್ಮ ಹೆಸರಿನ ಬೋರ್ಡಿಗೆ ಹೊಡೆದ ಮೊಳೆಗಳ ಸುತ್ತ. ಜನ ಹತ್ತಿ ದೋಣಿ ತಗ್ಗಿದಾಗಲೆಲ್ಲ ಆ ಮೊಳೆಗಳು ನೀರಿನೊಳಗೆ ಇರುತ್ತಿದ್ದವು.

ಮೊಳೆ ಕಿತ್ತು ತೂತುಗಳನ್ನು ಮುಚ್ಚಿದ್ದೇವೆ. ನಿನ್ನೆ ಜನ ತುಂಬಿದ ದೋಣಿಯಲ್ಲಿ ಆಚೆ ದಡ ಮುಟ್ಟಿದೆವು. ನೆನೆಯದಿರಲೆಂದು ಅಭ್ಯಾಸದಂತೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಕೂತಿದ್ದ, ದಿನವೂ ಹೊಳೆ ದಾಟುವ ಪಾರ್ವತಮ್ಮ, ನಡುನೀರಿನಲ್ಲಿ ಅದನ್ನು ಮೆಲ್ಲಗೆ ಕಾಲಿಗೆ ಹಾಕಿಕೊಂಡರು. ನನಗೆ ಆಗ ಹೋದ ಜೀವ ಬಂದಂತಾಯಿತು.

ಬೋರ್ಡು ಜೋಪಾನವಾಗಿದೆ; ದೋಣಿ ನಿಲ್ಲುವ ಕಡವಿನ ಕಂಬಕ್ಕೆ ಕಟ್ಟೋಣ. ಏಕಾಂತಯ್ಯನವರಿಗೆ ಹುಟ್ಟನ್ನು ನಿಮ್ಮ ಕೈಯಿಂದಲೇ ಕೊಡಿ. ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಕಡವಿನಲ್ಲಿ ನಿಮಗಾಗಿ ಕಾಯುತ್ತೇವೆ.

ತನುಜಾ